ಅಡಿಕೆ ತೋಟದಲ್ಲಿ ರೋವರ್ ಹಿಡಿದು

ಶಿರಸಿ ಸೀಮೆಯಲ್ಲಿ ಜಮೀನಿನ ಅಳತೆಗೆ ಹೋದರೆ ಈಗ ಮೊದಲು ಎದುರಾಗುವುದು ಜಾಗದವರ ಮೊಬೈಲು. ದಿಶಾಂಕ್ ಆ್ಯಪ್ ತೆರೆದು, ‘ತಮ್ಮಾ, ಇಲ್ಲಿ ನೋಡು, ನಮ್ಮ ಗಡಿ ಆಚೆಯವರ ಬೇಲಿಯೊಳಗಿದೆ’ ಎನ್ನುತ್ತಾರೆ. ನಿಂತ ಜಾಗ ಯಾವ ಸರ್ವೆ ನಂಬರಿನದೆಂದು ತಿಳಿಯಲು ಆ ಆ್ಯಪ್ ಬಹಳ ಉಪಕಾರಿ, ನಾನೂ ಬಳಸುತ್ತೇನೆ. ಗಡಿಯನ್ನು ಮಾತ್ರ ಅದರಿಂದ ತೀರ್ಮಾನಿಸಬಾರದು. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ 5 ಮೀಟರಿನಷ್ಟು ಅತ್ತಿತ್ತ ಹೋಗುತ್ತದೆ, ಮರದಡಿ ಇನ್ನೂ ಹೆಚ್ಚು. 100 ಮೀಟರ್ ಉದ್ದದ ಗಡಿ 5 ಮೀಟರ್ ಸರಿದರೆ 500 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 5 ಗುಂಟೆ. ಅಷ್ಟು ತೋಟಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ.

ಕೋಲಿಗೆ ಕಟ್ಟಿ ಒಯ್ಯುವ ಉಪಗ್ರಹ ಅಳತೆಯ ಯಂತ್ರ, ಆರ್‌ಟಿಕೆ ರೋವರ್, ಈ ವ್ಯತ್ಯಾಸವನ್ನು ಎರಡು ಸೆಂಟಿಮೀಟರಿನ ಆಸುಪಾಸಿಗೆ ಇಳಿಸುತ್ತದೆ. ಅದಕ್ಕೆ ಬೇಕಾದ ತಿದ್ದುಪಡಿ ಒಂದೇ ಜಾಗದಲ್ಲಿದ್ದು ಸದಾ ಉಪಗ್ರಹಗಳನ್ನು ಗಮನಿಸುವ, ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಾರ್ಸ್ ಕೇಂದ್ರಗಳಿಂದ ಮೊಬೈಲ್ ಇಂಟರ್‌ನೆಟ್ ಮೂಲಕ ಬರುತ್ತದೆ. ಘಟ್ಟದ ಕಣಿವೆಗಳಲ್ಲಿ ಸಿಗ್ನಲ್ ಎಲ್ಲಿದೆ? ಅಲ್ಲಿ ತಿದ್ದುಪಡಿ ಕೊಡುವ ಸ್ವಂತ ಬೇಸ್ ಯಂತ್ರ, ಅದನ್ನು ರೋವರಿಗೆ ಕಳಿಸುವ ರೇಡಿಯೊ ಹೊತ್ತೇ ಹೋಗಬೇಕು.

ತೋಟದೊಳಗಿನ ಕಷ್ಟ ಬೇರೆ. ತಲೆಯ ಮೇಲೆ ಸೋಗೆಗಳು ಕೂಡಿಕೊಂಡ ಕಡೆ ರೋವರಿನ ಕೈಯಂತ್ರ ಕಂಟ್ರೋಲರ್ ‘ಫಿಕ್ಸ್’, ಅಂದರೆ ಸೆಂಟಿಮೀಟರ್ ಮಟ್ಟದ ಸ್ಥಾನ, ತೋರಿಸುವುದೇ ಇಲ್ಲ, ಇನ್ನೂ ಖಚಿತವಾಗದ ‘ಫ್ಲೋಟ್’ನಲ್ಲೇ ಕೂರುತ್ತದೆ. ಫ್ಲೋಟಿನಲ್ಲೇ ಬಿಂದು ದಾಖಲಿಸಿ ಮನೆಗೆ ಹೋಗುವವರ ಮೇಲೆ ನನಗೆ ಸಿಟ್ಟಿದೆ. ಆ ಗೆರೆಯ ಮೇಲೆ ಯಾರೋ ಬೇಲಿ ಹಾಕುತ್ತಾರೆ. ಇನ್ನೂ ಅಪಾಯದ್ದು ಸುಳ್ಳು ಫಿಕ್ಸ್. ಮರಕ್ಕೋ ಗೋಡೆಗೋ ಬಡಿದು ಬಂದ ಸಂಕೇತವನ್ನು ನಂಬಿ ಯಂತ್ರ ಎಲ್ಲ ಸರಿಯಿದೆ ಎಂದುಬಿಡುತ್ತದೆ. ಆದ್ದರಿಂದ ಮುಖ್ಯ ಬಿಂದುಗಳಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಹೊಸದಾಗಿ ಫಿಕ್ಸ್ ತೆಗೆದು ಮತ್ತೆ ಅಳೆಯುತ್ತೇನೆ. ಎರಡೂ ತಾಳೆಯಾಗದಿದ್ದರೆ ಎರಡನ್ನೂ ಕೈಬಿಡುತ್ತೇನೆ.

ದಟ್ಟ ತೋಟಕ್ಕೆ ಇಂದಿಗೂ, ಉಪಗ್ರಹದ ಹಂಗಿಲ್ಲದೆ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ನೇ ಗತಿ. ಹೊರಗೆ ಗದ್ದೆಯ ಬದುವಿನ ಮೇಲೆ, ಒಂದಕ್ಕೊಂದು ಕಾಣುವ ಎರಡು ಬಿಂದುಗಳನ್ನು ರೋವರಿನಿಂದ ಹಿಡಿಯುತ್ತೇವೆ. ಒಂದರ ಮೇಲೆ ಟೋಟಲ್ ಸ್ಟೇಷನ್ ನಿಲ್ಲಿಸಿ, ಇನ್ನೊಂದಕ್ಕೆ ಗುರಿಯಿಟ್ಟು ದಿಕ್ಕು ಹೊಂದಿಸಿ (ಇದೇ ಬ್ಯಾಕ್‌ಸೈಟ್), ಯಂತ್ರದ ಕಿರಣವನ್ನು ಮರಳಿಸುವ ಪ್ರಿಸಂ ಕೋಲು ಹಿಡಿದವನನ್ನು ಮರಗಳ ಸಾಲಿನೊಳಗೆ ಕಳಿಸುತ್ತೇವೆ. ಕೋಲು ನೆಟ್ಟಗಿದೆಯೇ ಎಂದು ತೋರಿಸುವ ಗುಳ್ಳೆಯ ಮೇಲೆ ಅವನ ಕಣ್ಣಿರಬೇಕು. ಎರಡು ಮೀಟರಿನ ಕೋಲು ಒಂದೇ ಡಿಗ್ರಿ ವಾಲಿದರೂ ತುದಿ ಮೂರೂವರೆ ಸೆಂಟಿಮೀಟರ್ ಸರಿದಿರುತ್ತದೆ.

ಇಷ್ಟೆಲ್ಲ ಮಾಡಿದರೂ ಗಡಿ ಎಲ್ಲಿದೆ ಎಂಬುದನ್ನು ರೋವರ್ ಹೇಳಲಾರದು. ಅದು ಸರ್ವೆ ಇಲಾಖೆಯ ಹಳೆಯ ಅಳತೆ ದಾಖಲೆಯಾದ ಟಿಪ್ಪಣಿಯಲ್ಲಿದೆ. ಆ ಅಳತೆ ನಡೆದದ್ದು 33 ಅಡಿಯ ಸರಪಳಿಯಲ್ಲಿ. ಸರಪಳಿಗೆ 16 ಆಣೆ, ಆಣೆಗೆ ಸುಮಾರು 63 ಸೆಂಟಿಮೀಟರ್. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ 1089 ಚದರ ಅಡಿ, ಅದೇ ನಮ್ಮ ಗುಂಟೆ. ಹಾಗಾಗಿ ಯಂತ್ರ ಬಿಚ್ಚುವ ಮೊದಲು ಕತ್ತಿ ಹಿಡಿದು ಪೊದೆ ಸವರಿ ಗಡಿಕಲ್ಲು ಹುಡುಕುತ್ತೇನೆ. ಕಲ್ಲಿನಿಂದ ಕಲ್ಲಿಗೆ ಸಿಕ್ಕ ಅಳತೆ ಟಿಪ್ಪಣಿಗೆ ಹೊಂದಿದ ಮೇಲೆಯೇ ಮುಂದಿನ ಕೆಲಸ.

ಹೊಸ ಉಪಕರಣದ ನಿಜವಾದ ಉಪಕಾರ ನನಗೆ ಕಾಣುವುದು ಇಲ್ಲಿಯೇ. ಸಿಕ್ಕ ಕಲ್ಲಿನ ನಿರ್ದೇಶಾಂಕವನ್ನು ಬರೆದಿಟ್ಟರೆ, ನಾಳೆ ಜೆಸಿಬಿ ಆ ಕಲ್ಲನ್ನು ಎತ್ತಿ ಎಸೆದರೂ ಮತ್ತೊಬ್ಬ ಭೂಮಾಪಕ ಅದೇ ಜಾಗಕ್ಕೆ ಬಂದು ನಿಲ್ಲಬಲ್ಲ. ನಾನು ಎರಡೂ ಕಡೆಯವರಿಗೆ ಒಂದೊಂದು ಹಾಳೆ ಕೊಡುತ್ತೇನೆ: ಪ್ರತಿ ಕಲ್ಲಿನ ಉತ್ತರ, ಪೂರ್ವ ಅಂಕಿಗಳು, ಆ ಅಂಕಿಗಳು ಯಾವ ಪದ್ಧತಿಯವೆಂದು ಹೇಳುವ ‘ಯುಟಿಎಂ 43ನೇ ವಲಯ, ಡಬ್ಲ್ಯುಜಿಎಸ್ 84’ ಎಂಬ ಗುರುತು, ಅಳೆದ ದಿನಾಂಕ, ತಿದ್ದುಪಡಿ ಬಂದದ್ದು ಎಲ್ಲಿಂದ ಎಂಬ ವಿವರ. ಅಳತೆ ಮಾಡಿಸುವವರು ದಯವಿಟ್ಟು ಆ ಹಾಳೆಯನ್ನು ಕೇಳಿ ಪಡೆದು, ಪಹಣಿಯ ಜೊತೆಗೇ ಇಟ್ಟುಕೊಳ್ಳಿ.