ಹ್ಯಾನನ್ ಮೊದಲ ಅಭ್ಯಾಸ, ಒಂದೊಂದೇ ಕೈಯಲ್ಲಿ

2 ಜುಲೈ 2025, ಬುಧವಾರ

ಪಿಯಾನೊ ಕಲಿಯುವವರ ಬೆರಳಭ್ಯಾಸದ ಪುಸ್ತಕ ಬರೆದ ಶಾರ್ಲ್ ಲೂಯಿ ಹ್ಯಾನನ್ ಹುಟ್ಟಿದ ದಿನ ಜುಲೈ 2. 1819ರಲ್ಲಿ ಉತ್ತರ ಫ್ರಾನ್ಸಿನ ರೆನೆಸ್ಕ್ಯೂರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು, 1900ರಲ್ಲಿ ಬೂಲೋನ್ ಬಂದರಿನಲ್ಲಿ ತೀರಿಕೊಂಡರು. ಅವರ ಹೆಸರು ಉಳಿದಿರುವುದು 1873ರ ಒಂದೇ ಪುಸ್ತಕದಿಂದ, ಅದರ 60 ಅಭ್ಯಾಸಗಳಿಂದ. ರಷ್ಯಾದ ಸಂಗೀತ ಶಾಲೆಗಳ ಪರೀಕ್ಷೆಯಲ್ಲಿ ಬರೀ ನಂಬರ್ ಹೇಳಿ, ಯಾವ ಸ್ಕೇಲಿನಲ್ಲಿ (ಸ್ವರಶ್ರೇಣಿಯಲ್ಲಿ) ಬೇಕಾದರೂ ನುಡಿಸಿ ಎನ್ನುತ್ತಿದ್ದರಂತೆ. ರಷ್ಯಾದ ಪಿಯಾನೊ ವಾದಕ, ಸಂಯೋಜಕ ರಾಖ್ಮನಿನೋಫ್ ಹೇಳಿದ ಮಾತಿದು.

ಮೊದಲನೆಯದನ್ನೇ ನೋಡಿ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ ಸಿ, ಇ, ಎಫ್, ಜಿ, ಎ, ಜಿ, ಎಫ್, ಇ. ಮುಂದಿನ ಗುಂಪು ಡಿಯಿಂದ, ಹೀಗೇ ಒಂದೊಂದು ಕೀ ಮೇಲಕ್ಕೆ. ಬೆರಳುಗಳಿಗೆ ಹೆಬ್ಬೆರಳು 1ರಿಂದ ಕಿರುಬೆರಳು 5ರವರೆಗೆ ನಂಬರ್: ಬಲಗೈಗೆ 1-2-3-4-5-4-3-2, ಎಡಗೈಗೆ 5-4-3-2-1-2-3-4. ಸಿ ಆದಮೇಲೆ ಡಿ ಬಿಟ್ಟು ಇಗೆ ಹೋಗುವುದರಿಂದ, ಏರುವಾಗ ಎಡಗೈಯ ಕಿರುಬೆರಳು ಮತ್ತು ಉಂಗುರಬೆರಳಿನ ನಡುವೆ ಎಳೆತ ಬೀಳುತ್ತದೆ. ಇಳಿಯುವಾಗ ಅದೇ ಎಳೆತ ಬಲಗೈಗೆ.

ಎರಡೂ ಕೈ ಕೂಡಿಸಿ ನುಡಿಸಿದರೆ ಎಳೆತ ಬಿದ್ದ ಬೆರಳಿನ ತಪ್ಪು ಕಿವಿಗೆ ಬೀಳುವುದಿಲ್ಲ. ಎಡಗೈಯ 4 ಬೀಳುವಾಗಲೆಲ್ಲ ಬಲಗೈಯ 2 ಬೀಳುತ್ತದೆ; ಗಟ್ಟಿ ಬೆರಳಿನ ದನಿಯಲ್ಲಿ ಸೋತ ಬೆರಳು ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ಒಂದೊಂದೇ ಕೈ. ತಾಳ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಒಂದು ಬಡಿತಕ್ಕೆ ನಾಲ್ಕು ಸ್ವರ. ಎಂಟೂ ಸ್ವರ ಒಂದೇ ತೂಕದಲ್ಲಿ ಕೇಳಿಸಿದ ಮೇಲಷ್ಟೇ 64, 68 ಎಂದು ಏರಿಸಿ. ಪುಸ್ತಕದ ಗುರಿ 108, ಅವಸರವೇನಿಲ್ಲ.

ಬೆರಳನ್ನು ಎತ್ತರಕ್ಕೆ ಎತ್ತಿ ನುಡಿಸಿ ಎಂಬ ಹ್ಯಾನನ್ ಸೂಚನೆಯನ್ನು ಮಾತ್ರ ಹಾಗೇ ಪಾಲಿಸಬೇಡಿ. ಅಂಗೈಯನ್ನು ಮೇಜಿನ ಮೇಲಿಟ್ಟು, ನಡುಬೆರಳನ್ನು ಒಳಕ್ಕೆ ಮಡಚಿ, ಉಂಗುರಬೆರಳನ್ನು ಎತ್ತಲು ನೋಡಿ. ಏಳುವುದಿಲ್ಲ. ಅಂಗೈ ಹಿಂಬದಿಯಲ್ಲಿ ಅದರ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳ ರಜ್ಜುಗಳಿಗೆ ಅಡ್ಡಪಟ್ಟಿಗಳಿಂದ ಸೇರಿಕೊಂಡಿದೆ. ಬಲವಂತವಾಗಿ ಎತ್ತಿದರೆ ಮಣಿಕಟ್ಟು, ಮುಂಗೈ ಬಿಗಿಯುತ್ತವೆ, ವೇಗ ಅಲ್ಲೇ ನಿಲ್ಲುತ್ತದೆ. ಕೀ ಪೂರ್ತಿ ಮೇಲೆ ಬರುವಷ್ಟು ಎತ್ತಿದರೆ ಸಾಕು. ಗುಂಪು ಬದಲಾದಂತೆ ಮುಂಗೈಯೂ ಪಕ್ಕಕ್ಕೆ ಜರುಗಲಿ, ಬೆರಳು ಮಾತ್ರ ಚಾಚಬಾರದು. ಉರಿ, ನೋವು ಬಂದರೆ ಅಂದಿಗೆ ನಿಲ್ಲಿಸಿ.

ಇನ್ನೊಂದು ಕೊರತೆ: ಶುರುವಿನ ಅಭ್ಯಾಸಗಳೆಲ್ಲ ಸಿ ಮೇಜರ್ ಸ್ಕೇಲಿನಲ್ಲೇ ಇವೆ, ಬರೀ ಬಿಳಿ ಕೀ. ಪಿಯಾನೊ ಸಂಯೋಜಕ ಶೋಪೆನ್ ಪಾಠ ಶುರುಮಾಡಿಸುತ್ತಿದ್ದುದು ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ ಮೇಲೆ ಕೈ ಇರಿಸಿ. ಉದ್ದ ಬೆರಳುಗಳು ಕಪ್ಪು ಕೀ ಮೇಲೆ ತಾವಾಗಿ ಕೂರುತ್ತವೆ. ಸಿಯಲ್ಲಿ 80ರ ವೇಗಕ್ಕೆ ಹದವಾದ ಮೇಲೆ ಅದೇ ಬೆರಳಕ್ರಮದಲ್ಲಿ ಬಿ ಮೇಜರ್, ಡಿ ಫ್ಲ್ಯಾಟ್ ಮೇಜರ್ ನುಡಿಸಿ.

ಇಡೀ ಪುಸ್ತಕದಲ್ಲಿ ಬಿಡಲೇಬಾರದ್ದು 39ನೇ ಅಭ್ಯಾಸದ ಸ್ಕೇಲುಗಳು, 41ನೆಯದರ ಆರ್ಪೆಜಿಯೊಗಳು (ಸ್ವರಮೇಳದ ಸ್ವರಗಳನ್ನು ಒಂದೊಂದಾಗಿ ನುಡಿಸುವುದು). ಕೊನೆಯ ಭಾಗದ ಆಕ್ಟೇವ್ (ಎಂಟು ಬಿಳಿ ಕೀಗಳಷ್ಟು ಕೈ ಅಗಲಿಸುವುದು), ಟ್ರೆಮೊಲೊಗಳನ್ನು (ಎರಡು ಸ್ವರಗಳ ನಡುವೆ ವೇಗವಾಗಿ ಅದುರಿಸುವುದು) ಕೈ ಸಾಲದ ಮಕ್ಕಳಿಗೆ ಕೊಡಬೇಡಿ. ಪೂರ್ತಿ ಪುಸ್ತಕ ಒಂದು ಗಂಟೆಯಲ್ಲಿ ಮುಗಿಯುತ್ತದೆ ಎಂದು ಹ್ಯಾನನ್ ಬರೆದಿದ್ದಾರೆ. ಕಲಿಯುವವರಿಗೆ ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಉಳಿದ ಹೊತ್ತು ಕೃತಿಗಳಿಗೆ.