ನ್ಯೂಜಿಲೆಂಡಿನ ರೆನ್ ಹುಡುಕುವಾಗ ಕಣ್ಣು ಕೆಳಗಿರಲಿ

ಆಗುಂಬೆ, ಕೊಡಚಾದ್ರಿ ಕಡೆ ಹಕ್ಕಿ ನೋಡಿ ರೂಢಿಯಾದವರಿಗೆ ಸದ್ದು ಕೇಳಿದ ಕೂಡಲೇ ಕತ್ತೆತ್ತುವ ಅಭ್ಯಾಸ. ನ್ಯೂಜಿಲೆಂಡಿನ ರೆನ್ ಹಕ್ಕಿಗಳಲ್ಲಿ ಒಂದಾದ ರೈಫಲ್‌ಮನ್ ಹುಡುಕುವಾಗ ಅದನ್ನು ಬಿಡಬೇಕು. ಎಂಟು ಸೆಂಟಿಮೀಟರ್ ಉದ್ದ, ಆರೇಳು ಗ್ರಾಂ ತೂಕದ ಈ ಹಕ್ಕಿ ಮರದ ಬುಡದಿಂದ ಶುರುಮಾಡಿ, ಕಾಂಡವನ್ನು ಸುತ್ತುತ್ತಾ, ತೊಗಟೆ ಸಂದಿಯ ಹುಳ ಹೆಕ್ಕುತ್ತಾ ಮೇಲೇರುತ್ತದೆ. ಸ್ವಲ್ಪ ಎತ್ತರ ಹೋಗಿ ಪಕ್ಕದ ಮರಕ್ಕೆ ಹಾರಿ ಮತ್ತೆ ಕೆಳಗಿನಿಂದ ಹತ್ತುತ್ತದೆ. ನಮ್ಮ ನಟ್‌ಹ್ಯಾಚ್ ಹಕ್ಕಿ ತಲೆಕೆಳಗಾಗಿಯೂ ಇಳಿಯುತ್ತದಲ್ಲ, ಇದರದ್ದು ಹೆಚ್ಚಾಗಿ ಏರುವ ಕೆಲಸವೇ. ರೆಕ್ಕೆಯನ್ನು ಪದೇ ಪದೇ ಪಟಪಟಿಸುವುದೇ ಒಳ್ಳೆಯ ಗುರುತು. ಗಂಡಿನ ಬೆನ್ನು ಹಸಿರು. ಹೆಣ್ಣು ಕಂದು, ಮೈತುಂಬ ಗೆರೆ. ಕೂಗು ಎಷ್ಟು ಕೀಚಲೆಂದರೆ ವಯಸ್ಸಾದವರ ಕಿವಿಗೆ ಬೀಳುವುದೇ ಕಷ್ಟ. ಅಂಥವರು ಚಲನೆಯನ್ನೇ ನಂಬಬೇಕು. ವೆಲ್ಲಿಂಗ್ಟನ್ನಿನ ಜೀಲ್ಯಾಂಡಿಯಾ ವನ್ಯಧಾಮದಲ್ಲಿ 2019ರಲ್ಲಿ ಇವನ್ನು ತಂದು ಬಿಟ್ಟಿದ್ದಾರೆ. ಊರೊಳಗೇ ಇರುವ ಕಾಡು, ಬೇಲಿಯೂ ಇದೆ.

ಇವುಗಳ ಸಂಸಾರವೂ ವಿಚಿತ್ರ. ಒಂದೊಂದು ಮೊಟ್ಟೆ ತಾಯಿಯ ತೂಕದ ಸುಮಾರು ಐದನೇ ಒಂದು ಭಾಗ! ಹಾಗಾಗಿ ಮೊಟ್ಟೆಯಿಡುವ ದಿನಗಳಲ್ಲಿ ಗಂಡೇ ಹೆಣ್ಣಿಗೆ ತಿನಿಸು ತಂದುಕೊಡುತ್ತದೆ. ಮೊಟ್ಟೆಯೂ ದಿನ ಬಿಟ್ಟು ದಿನ.

ರೆನ್ ಎಂದರೂ ಯುರೋಪಿನ ರೆನ್‌ಗೂ ಇವಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಗುಬ್ಬಿ, ಕಾಗೆ, ಮಲೆನಾಡಿಗೆ ಚಳಿಗಾಲಕ್ಕೆ ಬರುವ ನವರಂಗ, ಎಲ್ಲವೂ ಒಂದು ಕವಲಾದರೆ ಇವು ಬುಡದಲ್ಲೇ ಬೇರೆಯಾದ ಇನ್ನೊಂದು ಕವಲು. ಈಗ ಉಳಿದಿರುವುದು ಎರಡೇ ಬಗೆ.

ಎರಡನೆಯದು ರಾಕ್ ರೆನ್. ದಕ್ಷಿಣ ದ್ವೀಪದ ಬೆಟ್ಟಗಳಲ್ಲಿ, ಮರಗಳು ಮುಗಿದ ಮೇಲಿನ ಬಂಡೆರಾಶಿಯಲ್ಲೇ ವಾಸ. ಮಿಲ್‌ಫೋರ್ಡ್ ರಸ್ತೆಯ ಹೋಮರ್ ಸುರಂಗದ ಆಸುಪಾಸು ಹೆಸರಾದ ಜಾಗ. ಓಡಾಡಿದರೆ ಸಿಗುವುದಿಲ್ಲ, ಒಂದು ಬಂಡೆಯ ಮೇಲೆ ಸುಮ್ಮನೆ ಕೂರಬೇಕು. ಉದ್ದ ಕಾಲು, ಇದೆಯೋ ಇಲ್ಲವೋ ಎಂಬಂಥ ಬಾಲ. ನಿಂತಲ್ಲೇ ಬಸ್ಕಿ ಹೊಡೆಯುತ್ತದೆ. ಬ್ಯಾಗಿನ ಜಿಪ್ ಹಾಕಿರಲಿ, ಅಲ್ಲಿಯ ಕಿಯಾ ಗಿಳಿಗಳು ಏನನ್ನೂ ಬಿಡುವುದಿಲ್ಲ. ಹೋಗಲು ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ನಮ್ಮಲ್ಲಿ ಅಡಿಕೆ ಕೊಯ್ಲಿನ ಕಾಲ, ತೋಟದವರಿಗೆ ಕಷ್ಟವೇ. ಅಲ್ಲಿಯ ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್, ಆ ಸುರಂಗದ ಕಣಿವೆಯಲ್ಲಿ ಹಿಮ ಕುಸಿಯುತ್ತದೆ, ಹೋಗಬೇಡಿ.

ಈ ಕವಲಿನ ಬೇರೆ ರೆನ್‌ಗಳು ಅಳಿದದ್ದು ನೆಲಕ್ಕೆ ಹತ್ತಿರವಿದ್ದದ್ದರಿಂದ. ಹಾರಲಾರದ ಲಯಲ್ಸ್ ರೆನ್ ಮುಖ್ಯ ದ್ವೀಪಗಳಲ್ಲಿ ಇಲಿಗಳಿಗೆ ಬಲಿಯಾಗಿ ಸ್ಟೀಫನ್ಸ್ ದ್ವೀಪವೊಂದರಲ್ಲೇ ಬದುಕಿತ್ತು. 1894ರಲ್ಲಿ ದೀಪಸ್ತಂಭದ ಜೊತೆ ಬೆಕ್ಕೂ ಬಂತು. ಒಂದೇ ಬೆಕ್ಕು ಇಡೀ ಸಂತತಿ ಮುಗಿಸಿತು ಎಂಬ ಕಥೆ ಉತ್ಪ್ರೇಕ್ಷೆ; ಕಾಡುಬಿದ್ದ ಬೆಕ್ಕುಗಳು ಅಲ್ಲೇ ಮರಿಹಾಕಿ ಹೆಚ್ಚಿದ್ದವು. 1964ರಲ್ಲಿ ಬಿಗ್ ಸೌತ್ ಕೇಪ್ ದ್ವೀಪಕ್ಕೆ ಇಲಿ ನುಗ್ಗಿದಾಗ ಆರು ಬುಷ್ ರೆನ್‌ಗಳನ್ನು ಪಕ್ಕದ ಕೈಮೊಹು ದ್ವೀಪಕ್ಕೆ ಸಾಗಿಸಿದರು. ಸಂತತಿ ಬೆಳೆಯಲಿಲ್ಲ, 1972ರ ನಂತರ ಕಂಡಿಲ್ಲ. ನೆಲದ ಪೊಟರೆಯಲ್ಲಿ ಗೂಡು ಕಟ್ಟುವ ರಾಕ್ ರೆನ್‌ಗೆ ಈಗ ಸ್ಟೋಟ್ ಎಂಬ ಮುಂಗುಸಿಯಂಥ ಸಣ್ಣ ಬೇಟೆಗಾರ ಪ್ರಾಣಿ ಮತ್ತು ಸುಂಡಿಲಿಗಳ ಕಾಟ.

ಹೊರಗಿನ ಮಣ್ಣು, ಬೀಜ ಒಳಬರದಂತೆ ನ್ಯೂಜಿಲೆಂಡಿನವರು ಕಟ್ಟುನಿಟ್ಟು, ಹೊರಡುವ ಮುನ್ನ ಬೂಟು ತೊಳೆಯಿರಿ. ಅಡಿಯ ಗೀರುಗಳಲ್ಲಿ ಕೂತ ಕೆಂಪು ಮಣ್ಣು, ಹುಲ್ಲಿನ ಬೀಜ ಹಳೆಯ ಟೂತ್‌ಬ್ರಷ್‌ನಲ್ಲಿ ಚೆನ್ನಾಗಿ ಬಿಡುತ್ತದೆ. ಒಣಗಿಸಿ, ಬ್ಯಾಗಿನಲ್ಲಿ ಮೇಲೆಯೇ ಇಟ್ಟುಕೊಂಡು, ಬಳಸಿದ ಬೂಟಿದೆ ಎಂದು ಆಗಮನ ಪತ್ರದಲ್ಲಿ ನಮೂದಿಸಿ. ನಮೂದಿಸದಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.