ತಪ್ಪಿಲ್ಲದೆ ಓದಿದವಳು, 'ಪೂಚ್ಚ' ಅಂತ ಓದಿದವನು

ಕೊಡಗಿನ ಸಿದ್ದಾಪುರದ ಹತ್ತಿರ, ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯ ಟೀಚರ್. ಒಂದರಿಂದ ಮೂರನೇ ತರಗತಿಯ 22 ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡುವವರು ಐದೇ ಮಂದಿ. ಉಳಿದವರ ಮನೆಮಾತು ಮಲಯಾಳಂ, ಯರವ, ತುಳು, ಕೊಡವ ತಕ್ಕ್, ತಮಿಳು.

ದಿನಾ ನಾಲ್ಕೈದು ಮಕ್ಕಳನ್ನು ಚಾಪೆ ಮೇಲೆ ಕೂರಿಸಿಕೊಂಡು ಇಪ್ಪತ್ತು ನಿಮಿಷ ಓದಿಸುತ್ತೇನೆ. ಯಾರನ್ನು ಯಾವ ಗುಂಪಿಗೆ ಹಾಕಬೇಕು ಅನ್ನೋದಕ್ಕೆ ನನ್ನ ಲೆಕ್ಕ ಸರಳವಾಗಿತ್ತು. ಸರಾಗವಾಗಿ ಓದುವವರು ಮೇಲಿನ ಗುಂಪು, ತಡವರಿಸುವವರು ಕೆಳಗಿನ ಗುಂಪು. ತರಬೇತಿಯಲ್ಲಿ ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ಓದಿನ ದಾಖಲೆಯ ಬಗ್ಗೆ ಕೇಳಿದ್ದೆ. ಮಗು ಓದುವಾಗ ಪ್ರತಿ ಪದಕ್ಕೂ ಗುರುತು ಹಾಕುತ್ತಾ ಹೋಗುವುದು. ನೂರು ಪದದಲ್ಲಿ ತಪ್ಪು ಆರರಿಂದ ಹತ್ತರ ಒಳಗಿದ್ದರೆ ಆ ಪುಸ್ತಕ ಟೀಚರ್ ಜೊತೆ ಕೂತು ಓದೋದಕ್ಕೆ ಸರಿ, ಅದಕ್ಕಿಂತ ಜಾಸ್ತಿಯಾದರೆ ಕಷ್ಟದ್ದು. ನಾನೂ ಹಾಗೇ ಎಣಿಸುತ್ತಿದ್ದೆ.

ಒಂದು ದಿನ ನಾನೇ ಬರೆದು ಚಿತ್ರ ಅಂಟಿಸಿದ ಕಾರ್ಡು ಕೊಟ್ಟೆ. 'ಬೆಕ್ಕು ಮಳೆಗೆ ಹೆದರಿತು. ಒಲೆಯ ಬಳಿ ಮುದುಡಿ ಮಲಗಿತು.' ಮೇಲಿನ ಗುಂಪಿನ ಹುಡುಗಿ ಒಂದೂ ತಪ್ಪಿಲ್ಲದೆ ಓದಿದಳು. "ಯಾರು ಮಲಗಿದ್ದು, ಪುಟ್ಟಿ?" ಅಂತ ಕೇಳಿದೆ. ಸುಮ್ಮನಿದ್ದಳು. "ಮುದುಡಿ ಅಂದ್ರೆ ಹೇಗೆ? ಮಾಡಿ ತೋರಿಸು" ಅಂದೆ. ನನ್ನ ಮುಖವನ್ನೇ ನೋಡಿದಳು. ಅಷ್ಟು ದಿನ ಅವಳಿಗೆ ನಾನು ಶಭಾಷ್ ಹೇಳಿ ಕಳಿಸುತ್ತಿದ್ದೆ.

ಅದೇ ಕಾರ್ಡನ್ನು ಕೆಳಗಿನ ಗುಂಪಿನ ಹುಡುಗ 'ಪೂಚ್ಚ ಮಳೆಗೆ...' ಅಂತ ಶುರು ಮಾಡಿದ. ಮಲಯಾಳಂನಲ್ಲಿ ಪೂಚ್ಚ ಅಂದ್ರೆ ಬೆಕ್ಕು. ಪಕ್ಕದ ತುಳು ಮನೆಯ ಹುಡುಗಿ "ಅಲ್ಲ ಟೀಚರ್, ಪುಚ್ಚೆ" ಅಂದಳು. ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ತಪ್ಪು ಅಂತ ಗುರುತು ಬಿತ್ತು. ಆದರೆ ಕೇಳಿದರೆ ಅವನಿಗೆ ಎಲ್ಲಾ ಗೊತ್ತು. ಮೊಣಕಾಲು ಎದೆಗೆ ಸೇರಿಸಿಕೊಂಡು ಚಾಪೆ ಮೇಲೆ ಮಲಗಿ ತೋರಿಸಿದ. ಅವನಿಗೆ ಬಾರದಿದ್ದದ್ದು 'ಕ್ಕು' ಒಂದೇ, ಒತ್ತಕ್ಷರ.

ಆ ರಾತ್ರಿ ಇದರ ಬಗ್ಗೆ ತುಂಬಾ ಯೋಚಿಸಿದೆ. ಕನ್ನಡ ಹೆಚ್ಚುಕಡಿಮೆ ಬರೆದ ಹಾಗೇ ಓದುವ ಭಾಷೆ. ಕಾಗುಣಿತ, ಒತ್ತು ಬಂದ ಮಗು ಒಂದು ಪದವೂ ಅರ್ಥವಾಗದೆ ಇಡೀ ಪುಟ ಓದಿಬಿಡಬಹುದು. ಮನೆಮಾತು ಬೇರೆ ಇದ್ದಾಗ ಹೀಗಾಗೋದು ಇನ್ನೂ ಜಾಸ್ತಿ. ಬರೀ ತಪ್ಪು ಎಣಿಸಿದರೆ ಇದು ಸಿಗೋದಿಲ್ಲ. ಚಿಕ್ಕ ತರಗತಿಗಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ ಭಾರತ ಯೋಜನೆಯ ಇಂಗ್ಲಿಷ್ ಹೆಸರನ್ನು ಬಿಡಿಸಿದರೆ 'ಅರ್ಥ ಮಾಡಿಕೊಂಡು ಓದುವುದು' ಅಂತ ಅದರೊಳಗೇ ಇದೆ. ನಾನು ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲೂ ಇತ್ತು.

ಈಗ ನನ್ನ ಪುಸ್ತಕದಲ್ಲಿ ಪ್ರತಿ ಮಗುವಿಗೂ ಎರಡು ಕಾಲಂ ಇದೆ, ಅಕ್ಷರ ಮತ್ತು ಅರ್ಥ. ಗುಂಪು ಮಾಡೋದು ಎರಡನ್ನೂ ನೋಡಿ. ಆ ಹುಡುಗ ಒತ್ತಕ್ಷರದ ಗುಂಪಿಗೆ ಹೋದ, ಎರಡೇ ವಾರದ ಮಟ್ಟಿಗೆ. ಹುಡುಗಿ ಮಾತು ಜಾಸ್ತಿ ಇರುವ ಗುಂಪಿಗೆ ಬಂದಳು. ಓದುವ ಮೊದಲು ಐದು ನಿಮಿಷ ಬರೀ ಚಿತ್ರ ನೋಡಿ ಮಾತು, ಯಾವ ಭಾಷೆಯಲ್ಲಾದರೂ ಸರಿ. ಎರಡು ಮೂರು ಹೊಸ ಪದವನ್ನು ಅಭಿನಯಿಸುತ್ತೇವೆ. ಆಮೇಲೆ ಎಲ್ಲರೂ ಒಟ್ಟಿಗೆ ರಾಗ ಎಳೆಯೋದು ಬೇಡ. ಒಬ್ಬೊಬ್ಬರೂ ತಮ್ಮಷ್ಟಕ್ಕೆ ಸಣ್ಣ ದನಿಯಲ್ಲಿ ಓದಬೇಕು, ನಾನು ಒಬ್ಬೊಬ್ಬರ ಕಡೆ ಬಾಗಿ ಕೇಳುತ್ತೇನೆ. ಕೊನೆಗೆ ಸಾಲಿನಲ್ಲಿ ಉತ್ತರ ಇಲ್ಲದ ಒಂದು ಪ್ರಶ್ನೆ: ಬೆಕ್ಕು ಒಲೆ ಹತ್ತಿರಾನೇ ಯಾಕೆ ಹೋಯಿತು?

ಉಳಿದ ಮಕ್ಕಳು ಆಗ ಏನು ಮಾಡ್ತಾರೆ ಅಂತ ಹೊಸ ಟೀಚರುಗಳು ಕೇಳುತ್ತಾರೆ. ನಲಿ-ಕಲಿಯಲ್ಲಿ ಟೀಚರ್ ಸಹಾಯದ ಗುಂಪು, ಸಹಪಾಠಿ ಸಹಾಯದ ಗುಂಪು, ಸ್ವಕಲಿಕೆ ಅಂತ ಮೊದಲಿನಿಂದಲೂ ಇದೆ ಅಲ್ವಾ, ನಾನು ಅದನ್ನೇ ಬಳಸುತ್ತೇನೆ. ಓದುವ ಮೂಲೆ, ಜೋಡಿ ಓದು, ಅಕ್ಷರ ಕಾರ್ಡಿನ ಆಟ, ಚಿತ್ರ ಬಿಡಿಸಿ ಒಂದು ಸಾಲು ಬರೆಯುವುದು. ಆದರೆ ಜೂನ್‌ನಲ್ಲಿ ಮೊದಲ ಎರಡು ವಾರ ನಾನು ಚಾಪೆ ಹಾಸೋದೇ ಇಲ್ಲ. ಸುಮ್ನೆ ಓಡಾಡುತ್ತಾ ಮೂಲೆಗಳಲ್ಲಿ ಹೇಗಿರಬೇಕು ಅನ್ನೋದನ್ನಷ್ಟೇ ಕಲಿಸುತ್ತೇನೆ: ಕಾರ್ಡು ಎಲ್ಲಿಂದ ತೆಗೆಯಬೇಕು, ಎಲ್ಲಿ ಇಡಬೇಕು, ಮುಗಿದರೆ ಏನು, ಗೊತ್ತಾಗದಿದ್ದರೆ ಮೊದಲು ಯಾರನ್ನು ಕೇಳಬೇಕು. ಈ ಎರಡು ವಾರ ಬಿಟ್ಟ ವರ್ಷ ಪ್ರತಿ ನಿಮಿಷಕ್ಕೂ "ಟೀಚರ್, ಪೆನ್ಸಿಲ್", "ಟೀಚರ್, ಅವನು ನೋಡಿ". ಚಾಪೆ ಮೇಲಿದ್ದ ಮಕ್ಕಳಿಗೆ ಐದು ನಿಮಿಷವೂ ಸಿಗಲಿಲ್ಲ.

ಜುಲೈ ಮಳೆಯಲ್ಲಿ ಇನ್ನೊಂದು ತೊಂದರೆ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲೇ ಕೂತ ಮಗುವಿನ ದನಿ ಕೇಳಿಸೋದಿಲ್ಲ. ಅಂಥ ದಿನ ಓದಿನ ಗುಂಪು ಬಿಟ್ಟು ಬರೆಯಿಸುತ್ತೇನೆ. ಡಿಸೆಂಬರಿನಿಂದ ಕಾಫಿ ಕೊಯ್ಲು ಶುರುವಾದರೆ ತೋಟದ ಕೆಲಸಗಾರರ ಲೈನ್ ಮನೆಯ ಕೆಲವು ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ತಮ್ಮ-ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ವಾಪಸ್ ಬಂದ ದಿನವೇ ಹಳೆ ಗುಂಪಿಗೆ ಸೇರಿಸಬಾರದು. ಒಂದು ಸಣ್ಣ ಕಾರ್ಡು ಓದಿಸಿ, ಮಾತಾಡಿಸಿ, ಆಮೇಲೆ ಜಾಗ ಹುಡುಕುತ್ತೇನೆ.

ಆ ಹುಡುಗಿ ಈಗ ಮೂರನೇ ತರಗತಿ. ಓದೋದು ಮೊದಲಿಗಿಂತ ನಿಧಾನವಾಗಿದೆ. ಗೊತ್ತಿಲ್ಲದ ಪದ ಬಂದರೆ ನಿಲ್ಲುತ್ತಾಳೆ, ಅದರ ಮೇಲೆ ಬೆರಳಿಟ್ಟು "ಇದು ಏನು ಟೀಚರ್?" ಅಂತ ಕೇಳುತ್ತಾಳೆ.